ಒಂದೇ ಎಳೆ ಕಿತ್ತು ನೋಡುವ ಮೇಷ್ಟ್ರು

ಬೇರೆ ಬೇರೆ ಕಂಪನಿಗಳು ತಯಾರಿಸಿದ, ಫೋನಿನ ಮಾತನ್ನು ಬೆಳಕಾಗಿಸಿ ಕಳಿಸುವ ಪೆಟ್ಟಿಗೆಗಳನ್ನು ಎದುರುಬದುರು ಕೂರಿಸಿ, ಅವುಗಳ ನಡುವೆ ಮಾತು ಬೆಳೆಸಿ, ಹೊಂದುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸಿ ಹೇಳುವ ವಿದ್ಯೆಯಲ್ಲಿ ಮೇಷ್ಟ್ರನ್ನು ಮೀರಿಸುವವರು ಈ ಭೂಮಂಡಲದಲ್ಲಿಲ್ಲ. ಚಂದ್ರಮಂಡಲದಲ್ಲಿ ಇದ್ದಾರೋ ಏನೋ, ಹೋಗಿ ಬಂದವರು ಹೇಳಬೇಕು. ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ‘ಬೀಗರ ಮೇಷ್ಟ್ರು’ ಎನ್ನುತ್ತಾರೆ. ಗಂಡಿನ ಕಡೆಯದು ಒಂದು ಕಂಪನಿ, ಹೆಣ್ಣಿನ ಕಡೆಯದು ಇನ್ನೊಂದು. ಇಬ್ಬರೂ ತಮ್ಮ ಕೂಸು ಅಪರಂಜಿ ಎನ್ನುವವರೇ. ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವ ಕೆಲಸ ಮೇಷ್ಟ್ರದು. ಬೈಸಿಕೊಂಡು ಬೈಸಿಕೊಂಡೇ ಅವರ ತಲೆ ಬೋಳಾಯಿತೆಂಬುದು ಅಲ್ಲಿ ಟೀ ಕಾಸುವ ಈ ಮುದುಕಿಯ ಖಚಿತ ಅಭಿಪ್ರಾಯ.

ಸೇವೆಗೆ ಸೇರಿದಾಗ ಅವರ ತಲೆಯಲ್ಲಿ ಕಾಡಿನಷ್ಟು ಕೂದಲಿತ್ತಂತೆ. ಕಿಟಕಿಯಿಲ್ಲದ ಕೋಣೆ, ಎದೆಯೆತ್ತರದ ಕಬ್ಬಿಣದ ಚೌಕಟ್ಟುಗಳು, ಹಗಲಿಡೀ ಗುಂಯ್‌ಗುಡುವ ಫ್ಯಾನುಗಳು, ಹೆಣ ಇಡುವಷ್ಟು ತಂಪು. ಊರಿನ ಮಾತೆಲ್ಲ ಕೂದಲೆಳೆಯಂಥ ಗಾಜಿನ ಎಳೆಯಲ್ಲಿ ಬೆಳಕಾಗಿ ಓಡುತ್ತದೆ. ಹೋಗಲು ಒಂದು ಎಳೆ, ಬರಲು ಇನ್ನೊಂದು. ಎಳೆ ಕಡಿದರೆ ಎರಡು ತುದಿಯ ಪೆಟ್ಟಿಗೆಗಳೂ ಒಂದಕ್ಕೊಂದು ಹೇಳಿಕೊಂಡು, ಕಣ್ಣು ಮಿಟುಕಿಸುವುದರೊಳಗೆ ಬದಲಿ ದಾರಿಗೆ ಹೊರಳಬೇಕು. ಒಂದೇ ಕಂಪನಿಯವಾದರೆ ಒಡಹುಟ್ಟಿದವರ ಹಾಗೆ ಕಣ್ಸನ್ನೆಯಲ್ಲೇ ಮುಗಿಸುತ್ತವೆ. ಬೇರೆಯವಾದರೆ ಇದು ಹೇಳಿದ್ದು ಅದಕ್ಕೆ ಅರ್ಥವಾಗುತ್ತದೆಯೇ ಎಂದು ಕಿತ್ತೇ ನೋಡಬೇಕು. ಮೇಷ್ಟ್ರು ಕಿತ್ತು ನೋಡುತ್ತಿದ್ದರು. ಎರಡೂ ಎಳೆಗಳ ತುದಿ ಒಂದೇ ಕೊಂಡಿಯಲ್ಲಿ ಕೂತಿದ್ದರಿಂದ ಎಳೆದರೆ ಜೋಡಿಯಾಗಿಯೇ ಬರುತ್ತಿತ್ತು. ಎರಡು ಪೆಟ್ಟಿಗೆಗಳಿಗೂ ಒಟ್ಟಿಗೆ ಕಿವುಡು, ಎರಡೂ ಒಟ್ಟಿಗೆ ಬದಲಿ ದಾರಿಗೆ. ‘ಉತ್ತೀರ್ಣ’ ಎಂದು ಬರೆದು ಸಹಿ ಹಾಕುವರು. ಆ ಕೋಣೆಯಲ್ಲಿ ಎಲ್ಲರ ಕೈಗೂ ಅದೇ ಅಭ್ಯಾಸ.

ಹಾಗೆ ಉತ್ತೀರ್ಣವಾದ ಜೋಡಿಯೊಂದು ಊರಿನ ಫೋನುಗಳ ದಾರಿಯಲ್ಲಿ ಕೂತಿತು.

ಒಂದು ಮಧ್ಯಾಹ್ನ, ಪೇಟೆಯ ಮೂಲೆಯ ಹೊಲಿಗೆ ಅಂಗಡಿಯಲ್ಲಿ ದರ್ಜಿಯೊಬ್ಬರು ಎದೆ ಹಿಡಿದುಕೊಂಡು ಯಂತ್ರದ ಮೇಲೆ ಒರಗಿದರು. ಅವರು ಈ ಮುದುಕಿಯ ಯಜಮಾನರು. ಇವಳು ಆಗಿನ್ನೂ ಮುದುಕಿಯಾಗಿರಲಿಲ್ಲ. ಆಂಬುಲೆನ್ಸಿಗೆ ಫೋನು ಮಾಡಿದಳು. ಆ ಕಡೆ ಎತ್ತಿದ ಹುಡುಗಿ, “ಹೇಳಿ ಅಮ್ಮ, ಯಾವ ರಸ್ತೆ?” ಎಂದು ಕೇಳಿದ ಗಳಿಗೆಯಲ್ಲೇ ಎಲ್ಲೋ ರಸ್ತೆ ಅಗೆಯುವವರ ಹಾರೆ ತಗಲಿ ಎಳೆ ಕಡಿಯಿತು. ಹೋಗುವ ಎಳೆ ಮಾತ್ರ. ಹುಡುಗಿಯ ಮಾತು ಇವಳಿಗೆ ಗಂಟೆ ಹೊಡೆದಂತೆ ಕೇಳುತ್ತಿತ್ತು: “ಹಲೋ? ಮಾತಾಡಿ ಅಮ್ಮ, ಕೇಳಿಸ್ತಿಲ್ಲ. ಹಲೋ?” ಇವಳು ಗಂಟಲು ಹರಿಯುವಂತೆ ಕೂಗಿದಳು. ಇಡೀ ಬೀದಿಗೆ ಕೇಳಿಸಿತು, ಏಳು ಸಮುದ್ರದಾಚೆಗೂ ಕೇಳಿಸಿರಬೇಕು; ಆ ಹುಡುಗಿಯೊಬ್ಬಳಿಗೆ ಕೇಳಿಸಲಿಲ್ಲ. ಅವಳು ಫೋನು ಇಟ್ಟಳು. ಆಮೇಲೆ ಕರೆ ಹೋಗಲೇ ಇಲ್ಲ. ಪಕ್ಕದಂಗಡಿಯವರು ಗಾಡಿ ಹಿಡಿದು ತರುವಷ್ಟರಲ್ಲಿ ಯಜಮಾನರ ಕೈ ತಣ್ಣಗಾಗಿತ್ತು. ಸೂಜಿ ಇನ್ನೂ ಯಾರದೋ ಅಂಗಿಯ ಕಾಲರಿನಲ್ಲಿತ್ತು.

ಕಚೇರಿ ತಪ್ಪನ್ನು ಹಾರೆಯವರ ತಲೆಗೆ ಕಟ್ಟಿ ಕೈತೊಳೆದುಕೊಂಡಿತು. ಮೇಷ್ಟ್ರು ಕೈತೊಳೆದುಕೊಳ್ಳಲಿಲ್ಲ. ಅದೇ ಜೋಡಿಯನ್ನು ಮತ್ತೆ ಕೂರಿಸಿ, ಕೊಂಡಿ ಬಿಡಿಸಿ, ಒಂದೇ ಎಳೆ ಕಿತ್ತರು. ಬೆಳಕು ತಲುಪದ ಪೆಟ್ಟಿಗೆ ಕೆಂಪು ದೀಪ ಹಚ್ಚಿ, ತನಗೆ ಕೇಳುತ್ತಿಲ್ಲವೆಂದು ಬಡಬಡಿಸಿತು. ಬೇರೆ ಕಂಪನಿಯ ಪೆಟ್ಟಿಗೆಗೆ ಆ ಗೊಣಗಾಟ ಅರ್ಥವಾಗದೆ, ಅದು ಬದಲಿ ದಾರಿಗೆ ಹೊರಳದೆ, ಹಸಿರು ದೀಪ ಹಚ್ಚಿಕೊಂಡು, ಬೆಳಕನ್ನು ಕತ್ತಲೆಗೆ ಸುರಿಯುತ್ತಲೇ ಇತ್ತು. ಎಳೆ ಕಡಿದ ಹೊತ್ತಿನಲ್ಲಿ ಯಾರ ಕರೆ ಹೀಗೆ ಸತ್ತಿತೆಂದು ವಿಚಾರಿಸುತ್ತ ಅವರು ಹೊಲಿಗೆ ಅಂಗಡಿಗೆ ಬಂದು ನಿಂತರು.

“ಅಕ್ಕ, ಪರೀಕ್ಷೆ ಮಾಡಿದ್ದು ನಾನು. ಎರಡೂ ಎಳೆ ಒಟ್ಟಿಗೆ ಕಿತ್ತೆ. ಒಂದೇ ಕೀಳ್ಬೇಕಿತ್ತು.”

“ಹಾಗಂದ್ರೆ ಏನಪ್ಪ?”

“ನೀವು ಕೂಗಿದ್ದು ಅವಳಿಗೆ ಕೇಳ್ತಿತ್ತು. ನಾನು ಸರಿಯಾಗಿ ನೋಡಿದ್ದಿದ್ರೆ.”

ಅವತ್ತು ಇವಳು ಅವರ ಏಳು ತಲೆಮಾರನ್ನೂ ಜಾಲಾಡಿ ಬಾಗಿಲು ಹಾಕಿಕೊಂಡಳು. ಮೇಷ್ಟ್ರು ಮರುವಾರವೂ ಬಂದು ಹೊರಗಿನ ಕಲ್ಲಿನ ಮೇಲೆ ಕೂತರು. ಅದರ ಮರುವಾರವೂ. ಕೊನೆಗೆ ಬೈಗುಳ ಮುಗಿದು ಹೋಗಿ ಇವಳೇ ನೀರು ಕೊಟ್ಟಳು. ಮುಂದೆ ಅವರೇ ಓಡಾಡಿ ಪ್ರಯೋಗಾಲಯದಲ್ಲಿ ಟೀ ಕೆಲಸ ಕೊಡಿಸಿದರು. ಯಜಮಾನರ ಯಂತ್ರವನ್ನು ಮಾರಲು ಬಿಡದೆ, ಪೆಟ್ಟಿಗೆಗಳಿಗೆ ಧೂಳು ತಡೆಯುವ ಹೊದಿಕೆಗಳನ್ನೆಲ್ಲ ಅದರಲ್ಲೇ ಹೊಲಿಸಿದರು. ಒಂದು ಹೊದಿಕೆಗೆ ಇವಳು ಕಿಡಿಗೇಡಿತನದಿಂದ ತೋಳು ಇಟ್ಟಿದ್ದಳು. ಆ ಪೆಟ್ಟಿಗೆ ಇವತ್ತಿಗೂ ಅಂಗಿ ತೊಟ್ಟುಕೊಂಡೇ ಮಲಗುತ್ತದೆ.

ಅಂದಿನಿಂದ ಆ ಕೋಣೆಯಲ್ಲಿ ಒಂದು ಪದ್ಧತಿ ಬೆಳೆಯಿತು. ಪರೀಕ್ಷೆಯ ಕೊನೆಗೆ ಮೇಷ್ಟ್ರು ಬೆನ್ನು ತಿರುಗಿಸಿ ನಿಂತು, “ಅಕ್ಕ, ಬನ್ನಿ. ನಿಮಗೆ ತೋಚಿದ್ದು ಒಂದನ್ನ ಕೀಳಿ, ಯಾವ್ದು ಅಂತ ಹೇಳ್ಬೇಡಿ,” ಎನ್ನುವರು. ತಾವೇ ಆರಿಸಿದರೆ ಕೈ ಪಳಗಿದ ಕಡೆಗೇ ಹೋಗುತ್ತದೆ ಎಂಬುದು ಅವರ ಭಯ. ಎಳೆಯ ಸುದ್ದಿ ಇವಳಿಗೆ ಒಂದಿಷ್ಟೂ ತಿಳಿಯದು, ಅದಕ್ಕೇ ಇವಳು ಬೇಕು. ದೊಡ್ಡ ದೊಡ್ಡ ಕಂಪನಿಯವರು ಕೋಟು ತೊಟ್ಟು ಬಂದು, ಟೀ ಕೊಟ್ಟ ಕೈಯೇ ತಮ್ಮ ಎಳೆ ಕೀಳುವುದನ್ನು ಬಾಯಿ ಬಿಟ್ಟುಕೊಂಡು ನೋಡಿದ್ದಾರೆ.

ನಿವೃತ್ತಿಗೆ ಮುನ್ನ ಮೇಷ್ಟ್ರ ಕೈಗೆ ಬಂದ ಕೊನೆಯ ಜೋಡಿ ಊರಿನ ಆಂಬುಲೆನ್ಸ್ ಕರೆಗಳಿಗೆಂದೇ ತಂದದ್ದು. ಮುದುಕಿ ಒಂದು ಎಳೆ ಕಿತ್ತಳು. ಒಂದು ಪೆಟ್ಟಿಗೆ ಕೆಂಪಾಯಿತು. ಇನ್ನೊಂದು ಹಸಿರಾಗಿಯೇ ಕೂತಿತು.

“ಒಂದೇ ಎಳೆ ಕಡಿಯೋದು ಎಷ್ಟು ಅಪರೂಪ ಮೇಷ್ಟ್ರೇ,” ಎಂದರು ಪ್ರಯೋಗಾಲಯದ ನಿರ್ದೇಶಕರು. “ಪಾಸು ಅಂತ ಬರೀರಿ. ಇನ್ನೆರಡು ವರ್ಷ ಇಲ್ಲೇ ಇರ್ತೀರಂತೆ, ನಾನು ನೋಡ್ಕೋತೀನಿ.”

“ಆ ಅಪರೂಪ ನಿಮ್ಮ ಪಕ್ಕದಲ್ಲೇ ಲೋಟ ಹಿಡ್ಕೊಂಡು ನಿಂತಿದೆ ಸಾರ್. ನೀವೇ ಅವರನ್ನ ಕೇಳಿ, ಆಮೇಲೆ ಬರೀತೀನಿ.”

ನಿರ್ದೇಶಕರು ಕೇಳಲಿಲ್ಲ. ಮೇಷ್ಟ್ರು ‘ಅನುತ್ತೀರ್ಣ’ ಎಂದು ಬರೆದರು. ಅವರು ಈ ತಿಂಗಳೇ ಮನೆಗೆ. ಪೆಟ್ಟಿಗೆಗಳು ಮಾತ್ರ ಇನ್ನೂ ಅಲ್ಲೇ ಇವೆ. ಸೋಮವಾರ ಆ ಕುರ್ಚಿಯಲ್ಲಿ ಕೂರುವವಳು ಅವರ ಶಿಷ್ಯೆ; ಅವಳ ಮೊದಲ ಕೆಲಸವೇ ಆ ಜೋಡಿಯ ಮರುಪರೀಕ್ಷೆ. ‘ಎರಡೂ ಒಟ್ಟಿಗೆ ಕಿತ್ತು ನೋಡಿದರೆ ಸಾಕು’ ಎಂದು ಅವಳಿಗೆ ಈಗಾಗಲೇ ಅಪ್ಪಣೆಯಾಗಿದೆ.

ಈ ಮುದುಕಿಗೆ ಸಹಿ ಹಾಕುವಷ್ಟೇ ಅಕ್ಷರ ಬರುವುದು. ಇದನ್ನೆಲ್ಲ ಹೇಳಿಸಿ ಬರೆದುಕೊಂಡವಳು ಅದೇ ಶಿಷ್ಯೆ. ಅಪ್ಪಣೆಯ ಮಾತು ಬಂದಾಗ ಅವಳ ಪೆನ್ನು ನಿಂತಿತು.

“ಅಜ್ಜಿ, ಇದು ಬೇಕಾ? ನಿರ್ದೇಶಕರೂ ಓದ್ತಾರೆ.”

“ಓದ್ಲಿ ಅಂತಾನೇ ಹೇಳಿದ್ದು. ಬರಿ.”

ಬರೆದಳು, ಅಕ್ಷರ ಕಾಗೆಯ ಕಾಲಾಯಿತು. ಮೇಷ್ಟ್ರ ಬೀಳ್ಕೊಡುಗೆ ಸಂಚಿಕೆಯ ಸಂಪಾದಕರು ಆ ಭಾಗ ತೆಗೆಯೋಣವೆಂದಾಗ, ಅಕ್ಕನ ಒಂದಕ್ಷರ ತೆಗೆದರೂ ತಾವು ಸಮಾರಂಭದ ವೇದಿಕೆ ಹತ್ತುವುದಿಲ್ಲವೆಂದು ಮೇಷ್ಟ್ರು ಪಟ್ಟು ಹಿಡಿದರಂತೆ. ಹೀಗಾಗಿ ಇದು ಅಚ್ಚಾಗಿದೆ. ಇನ್ನು ಮೇಲೆ ತಿಳಿದಿರಲಿಲ್ಲವೆಂದು ಹೇಳುವ ಸೌಕರ್ಯ ಯಾರಿಗೂ ಇಲ್ಲ. ಸೋಮವಾರ ಅವಳು ಏನು ಬರೆಯುತ್ತಾಳೋ ಮುದುಕಿಗೆ ಗೊತ್ತಿಲ್ಲ. ಕೀಳಲು ಕೈಯಂತೂ ಸಿದ್ಧವಾಗಿದೆ.

ಮೇಷ್ಟ್ರು ಸಾವಿರ ವರ್ಷ ಬಾಳಲಿ. ಹೆಚ್ಚಾಯಿತೆಂದರೆ ಚೌಕಾಸಿ ಮಾಡಿ ನೂರಕ್ಕೆ ಇಳಿಸೋಣ, ಅದಕ್ಕಿಂತ ಕಡಿಮೆಗೆ ಮುದುಕಿ ಒಪ್ಪುವುದಿಲ್ಲ. ಹೊಲಿಗೆ ಅಂಗಡಿಗೆ ಬಂದು ನಿಂತ ಆ ದಿನದಿಂದ ಅವರು ಯಾರ ಫೋನಿಗೂ ‘ಹಲೋ’ ಎಂದವರಲ್ಲ. ಎತ್ತಿದೊಡನೆ ಅವರ ಬಾಯಲ್ಲಿ ಬರುವುದು ಬೇರೆ ಮಾತು. ಬದುಕಿರುವಷ್ಟು ಕಾಲವೂ ಅವರು ಅದನ್ನೇ ಅನ್ನುತ್ತಿರಲಿ:

“ಕೇಳಿಸ್ತಿದೆ. ಹೇಳಿ.”