ಪ್ರೋಟಾನ್ ಯಂತ್ರದ ಸರದಿ

ಕೂಡ್ಲಿಗಿಯ ಸಮತಾ ದೂರದ ನಗರದ ಸರಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೇಡಿಯೇಷನ್ ಕೊಡುವ ಟೆಕ್ನಿಶಿಯನ್. ಅಲ್ಲಿಗೆ ಪ್ರೋಟಾನ್ ಯಂತ್ರ ಬಂದಾಗ ಅದನ್ನು ನಡೆಸಲು ತರಬೇತಿ ಪಡೆದವರಲ್ಲಿ ಅವಳೂ ಒಬ್ಬಳು. ಮಾಮೂಲಿ ಕಿರಣ ಗಡ್ಡೆಯನ್ನು ದಾಟಿ ಆಚೆಗೂ ಹಾದುಹೋಗುತ್ತದೆ. ಪ್ರೋಟಾನ್ ಗಡ್ಡೆಯಲ್ಲೇ ನಿಲ್ಲುತ್ತದೆ. ಹಾಗಾಗಿ ಬೆಳೆಯುವ ಮಕ್ಕಳಿಗೆ, ಮಿದುಳು, ಕಣ್ಣುಗಳ ಹತ್ತಿರ ಗಡ್ಡೆ ಇದ್ದವರಿಗೆ ಅದು ವರ. ಇದ್ದದ್ದು ಒಂದೇ ಯಂತ್ರ, ಕಾಯುವವರು ಎಲ್ಲೆಲ್ಲಿಂದಲೋ ಬಂದವರು. ಯಾರಿಗೆ ಮೊದಲು ಎಂಬುದನ್ನು ವೈದ್ಯರ ಸಮಿತಿ ತೀರ್ಮಾನಿಸುತ್ತಿತ್ತು.

ಆ ವರ್ಷವೇ ಸಮತಾಳ ತಾಯಿ ಹಂಪಮ್ಮನಿಗೆ ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಕಾಣಿಸಿತು. ಅಂಗನವಾಡಿಯಲ್ಲಿ ಅಡುಗೆ ಮಾಡುತ್ತ ಮಕ್ಕಳಿಬ್ಬರನ್ನು ಓದಿಸಿದ ಹೆಂಗಸು. ಕೊಟ್ಟೂರಿನ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದ ಮಗ ಸಂಜೀವ ಅವಳನ್ನು ಕರೆತಂದ. ತಂಗಿ ಇರುವಾಗ ಹೊಸ ಯಂತ್ರ ಸಿಕ್ಕೇ ಸಿಗುತ್ತದೆ ಎಂದು ಊರಿಗೆಲ್ಲ ಹೇಳಿ ಬಂದಿದ್ದ.

ಹಂಪಮ್ಮನಿಗೆ ಮಾಮೂಲಿ ರೇಡಿಯೇಷನ್ನೇ ಸರಿ, ಪ್ರೋಟಾನ್‌ನಿಂದ ಹೆಚ್ಚಿನ ಲಾಭವಿಲ್ಲ ಎಂದು ವೈದ್ಯರು ಹೇಳಿದರು. ಸಮತಾ ಒಪ್ಪಿದಳು. ಸಂಜೀವ ಒಪ್ಪಲಿಲ್ಲ.

"ನೀ ಒಂದ್ ಮಾತು ಕೇಳಿದ್ರ ಏನಾಗ್ತಿತ್ತು? ಹೆತ್ತವ್ವ ಅದಾಳ," ಎಂದ.

"ಕೇಳಿದ್ರ ಯಾವುದೋ ಕೂಸಿನ ಸರದಿ ಹಿಂದಕ್ಕ ಹೋಗ್ತಿತ್ತಣ್ಣ. ಅವ್ವಗ ಅದರಿಂದ ಏನೂ ಸಿಗ್ತಿರಲಿಲ್ಲ."

ಹಂಪಮ್ಮ ಹಳೆಯ ಯಂತ್ರದ ಕೋಣೆಯ ಮುಂದೆ ಕೂತು, ಎದುರಿನ ಪ್ರೋಟಾನ್ ಕೋಣೆಯ ಬಾಗಿಲಿಂದ ಅರಿವಳಿಕೆಯ ನಿದ್ದೆಯಲ್ಲಿದ್ದ ಮಕ್ಕಳನ್ನು ಹೊರತರುವುದನ್ನು ನೋಡುತ್ತಿದ್ದಳು. ಒಮ್ಮೆ ಮಾತ್ರ ಮಗಳ ಕೈ ಹಿಡಿದು, "ನಿಮ್ಮಣ್ಣನ ಮ್ಯಾಲ ಸಿಟ್ಟಾಗಬ್ಯಾಡ. ನಾ ಎಲ್ಲಿ ಹೋಗಿಬಿಡ್ತೀನೋ ಅಂತ ಅವಗ ಹೆದರಿಕಿ," ಎಂದಳು.

ಗಡ್ಡೆ ಕರಗಿತು. ಆದರೆ ಮರುವರ್ಷ ರೋಗ ಶ್ವಾಸಕೋಶಕ್ಕೆ ಹಬ್ಬಿ, ಹಂಪಮ್ಮ ತೀರಿಕೊಂಡಳು. ಬುದ್ಧವಂದನೆ ಹೇಳಿ ಮಣ್ಣು ಮಾಡಿದ ಮೇಲೆ ಸಂಜೀವ ತಂಗಿಯ ಜೊತೆ ಮಾತು ಬಿಟ್ಟ. ವೈದ್ಯರು ಹೇಳಿದ್ದು ಸರಿ ಎಂದು ಸಮತಾಳಿಗೆ ಗೊತ್ತಿತ್ತು. ಆದರೂ ಒಮ್ಮೆ ಕೇಳಬೇಕಿತ್ತೇನೋ ಎನ್ನಿಸಿ ಉಣ್ಣುವ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಸಂಜೀವನ ಫೋನ್ ಬಂತು. ಅವನ ಶಾಲೆಯ ಜವಾನ ಮೌನೇಶನ ಪುಟ್ಟ ಮಗಳಿಗೆ ಕಣ್ಣಿನ ಹಿಂದೆ ಗಡ್ಡೆ. ಪ್ರೋಟಾನೇ ಆಗಬೇಕೆಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. "ಯಾರಿಗಾದ್ರೂ ಹೇಳಿ ಸರದಿ ಕೊಡಿಸು ಅನ್ನಾಕತ್ತಿಲ್ಲ. ಹೆಂಗ ಬರಬೇಕು, ಅಷ್ಟ ಹೇಳು," ಎಂದ ಸಂಜೀವ.

ಸಮಿತಿ ಸ್ಕ್ಯಾನ್ ನೋಡಿ ಒಪ್ಪಿತು. ಸರದಿಗೆ ಕಾಯಬೇಕಾಯಿತು, ಕಾದರು. ಮಗುವಿಗೆ ಈಗ ಒಂದು ಕಣ್ಣು ಮಂಜು, ಇನ್ನೊಂದು ಚೆನ್ನಾಗಿದೆ. ಚಿಕಿತ್ಸೆ ಮುಗಿಯುವವರೆಗೂ ಮೌನೇಶನ ಮನೆಯವರು ಸಮತಾಳ ಬಾಡಿಗೆ ಮನೆಯಲ್ಲೇ ಇದ್ದರು. ರಜೆ ಹಾಕಿ ಜೊತೆಗೆ ಬಂದಿದ್ದ ಸಂಜೀವ, ತಂಗಿ ಡ್ಯೂಟಿ ಮುಗಿಸಿ ಬರುವವರೆಗೆ ಊಟ ಮಾಡದೆ ಕೂತಿರುತ್ತಿದ್ದ.