ಬಾಗಿಲು ಕಾಯುವ ರಿಲೇ

ಆ ಪ್ಯಾನೆಲ್ಲು ನನಗಿಂತ ಎರಡು ವರ್ಷ ದೊಡ್ಡದು. ಬಳ್ಳಾರಿಯ ಹತ್ತಿ ಪ್ರೆಸ್ಸಿನಲ್ಲಿ ಎಲೆಕ್ಟ್ರಿಷಿಯನ್ ಆಗಿ ಸೇರಿದ ದಿನವೇ ಹಿರಿಯ ಫಿಟ್ಟರೊಬ್ಬರು ನನ್ನನ್ನು ಅದರ ಮುಂದೆ ನಿಲ್ಲಿಸಿ, "ಇದು ಬಿಳೇರ ಕಾಲದ್ದು. ಇದಕ ಸಿಟ್ಟು ಬರಸಬ್ಯಾಡ" ಎಂದಿದ್ದರು. ಸಿಟ್ಟು ನನಗೂ ಬೇಗ ಬರುತ್ತಿತ್ತು. ಹಾಗಾಗಿ ನಮ್ಮಿಬ್ಬರದು ಹನ್ನೆರಡು ವರ್ಷ ಅತ್ತೆ-ಸೊಸೆಯ ಸಂಸಾರದ ಹಾಗೆ ನಡೆಯಿತು. ಮುನಿಸು, ಬೈಗುಳ, ಮತ್ತೆ ಅದೇ ಕೆಲಸ.

ಪ್ರೆಸ್ಸು ಅಂದರೆ ಕಬ್ಬಿಣದ ದೊಡ್ಡ ಪೆಟ್ಟಿಗೆ. ಬೀಜ ತೆಗೆದ ಹತ್ತಿಯನ್ನು ಅದರೊಳಗೆ ತುಂಬಿ ಬಾಗಿಲು ಹಾಕಿದರೆ, ಕೆಳಗಿನಿಂದ ಉಕ್ಕಿನ ಹಲಗೆಯೊಂದು ಮೇಲೆದ್ದು ಹತ್ತಿಯನ್ನು ಒತ್ತಿ ಬೇಲು ಮಾಡುತ್ತದೆ. ಬಾಗಿಲು ತೆರೆದಿದ್ದಾಗ ಆ ಹಲಗೆ ಏಳಬಾರದು. ಏಳದಂತೆ ತಡೆಯುತ್ತಿದ್ದದ್ದು ಪ್ಯಾನೆಲ್ಲಿನ ಮೂಲೆಯಲ್ಲಿದ್ದ ಒಂದು ರಿಲೇ. ನಾಲ್ಕು ಬೆಂಕಿಪೊಟ್ಟಣ ಜೋಡಿಸಿದಷ್ಟು ಗಾತ್ರ. ಬಾಗಿಲು ಮುಚ್ಚಿದರೆ ಟಕ್ಕೆಂದು ಕೂಡುವುದು, ತೆರೆದರೆ ಬಿಡುವುದು. ಅದಕ್ಕೆ ಬೇರೆ ಕೆಲಸವೇ ಇರಲಿಲ್ಲ.

ಆ ಬಾಗಿಲ ಬಳಿ ನಿಂತು ದುಡಿಯುತ್ತಿದ್ದವರು ನನ್ನ ಅಕ್ಕನ ಗಂಡ, ನನ್ನ ಭಾವ. ಪೆಟ್ಟಿಗೆಯೊಳಗೆ ಗೋಣಿತಟ್ಟು ಹಾಸುವುದು, ಸೊಟ್ಟಾದರೆ ಕೈ ಹಾಕಿ ಎಳೆದು ಸರಿಮಾಡುವುದು, ಬಾಗಿಲು ಹಾಕಿ ಕೂಗುವುದು. ಒಂದೊಂದು ಬೇಲು ಕಟ್ಟುವಾಗಲೂ ಎರಡು ಮೂರು ಸಲ ಅವರ ಕೈ ಮೊಣಕೈತನಕ ಒಳಗೆ ಹೋಗಿ ಬರುತ್ತಿತ್ತು. ಗುಂಡಿ ಒತ್ತುವವನು ಯಂತ್ರದ ಆಚೆ ಬದಿಗೆ ಇರುತ್ತಿದ್ದ. ಅವನಿಗೆ ಬಾಗಿಲೂ ಕಾಣುತ್ತಿರಲಿಲ್ಲ, ಭಾವನೂ ಕಾಣುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಒಂದು ಹಂಗಾಮಿನಲ್ಲಿ ಆ ರಿಲೇ ಸುಟ್ಟುಹೋಯಿತು. ಅಂಗಳದ ತುಂಬ ಬಿಡಿ ಹತ್ತಿ, ಆಕಾಶದಲ್ಲಿ ಅಕಾಲದ ಮೋಡ. ಸಾಹುಕಾರರು ನನ್ನ ತಲೆಯ ಮೇಲೆ ಬಂದು ನಿಂತರು.

"ಏನಾರ ಮಾಡಲೇ. ಎರಡು ದಿನ ನಡದ್ರ ಸಾಕು."

ನಾನು ಮಾಡಿದೆ. ಗೇಣುದ್ದ ತಂತಿ ತೆಗೆದುಕೊಂಡು ರಿಲೇಯ ಈ ತುದಿಯಿಂದ ಆ ತುದಿಗೆ ಕಟ್ಟಿದೆ. ಈಗ ಬಾಗಿಲು ತೆರೆದಿದ್ದರೂ ಸರಿ, ಮುಚ್ಚಿದ್ದರೂ ಸರಿ, ಗುಂಡಿ ಒತ್ತಿದರೆ ಹಲಗೆ ಏಳುತ್ತಿತ್ತು. ಕಟ್ಟಿದವನು ನಾನೇ. ಇದನ್ನು ಯಾರ ಮೇಲೂ ಹಾಕುವ ಹಾಗಿಲ್ಲ. ಭಾವನಿಗೆ ಹೇಳಿದಾಗ ಅವರು ನಕ್ಕರು. "ಇಷ್ಟ ದಿನ ನಿನ್ನ ರಿಲೇ ಕಾಯ್ತಿತ್ತು, ಇನ್ನ ಮ್ಯಾಲ ನನ್ನ ಕಣ್ಣು ಕಾಯ್ತಾವ ಬಿಡೋ" ಅಂದರು.

ಮರುದಿನವೇ ಅವರ ಹೆಗಲ ಮೇಲಿನ ಟವಲು ಹಲಗೆಗೆ ಸಿಕ್ಕಿ ಒಳಗೆ ಹೋಯಿತು. ಕುತ್ತಿಗೆಗೆ ಸುತ್ತಿರಲಿಲ್ಲ, ನಮ್ಮ ಪುಣ್ಯ. ನಾನು ಓಡಿಹೋಗಿ ಮೇನ್ ಸ್ವಿಚ್ಚು ಇಳಿಸಿ ತಂತಿ ಕಿತ್ತೆಸೆದೆ. ಸಾಹುಕಾರರ ಮುಂದೆ ನಿಂತು, ಬದುಕಿನಲ್ಲಿ ಒಂದೇ ಒಂದು ಸಲ, ದನಿ ಏರಿಸಿದೆ.

"ನಿಲ್ಲಸ್ರಿ ಪ್ರೆಸ್ಸು. ನಾ ಸಾಮಾನು ತರೂತನ ಯಾರೂ ಮುಟ್ಟಬಾರದು."

ಅವರು ಮೋಡದ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಲಗೂನ ಬಾ" ಅಂದರು, ಅಷ್ಟೇ.

ಎಲ್ಲಿಂದ ತರುವುದು? ಆ ಕಂಪನಿ ಆ ರಿಲೇ ಮಾಡುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ನನಗೆ ಮೊದಲೇ ಭಯವಿದ್ದು ಮುಂಬಯಿಯ ಏಜೆಂಟರಿಗೆ ಹಿಂದಿನ ವರ್ಷವೇ ಬರೆದಿದ್ದೆ. ಅವರ ಉತ್ತರ ಎರಡೇ ಸಾಲು: ಆ ಮಾಲು ಈಗಿಲ್ಲ, ಹೊಸ ಪ್ಯಾನೆಲ್ಲು ಹಾಕಿಸಿಕೊಳ್ಳಿ. ಅಬ್ಬಾ, ಎಂಥ ಬುದ್ಧಿವಾದ! ಹಸಿದವನಿಗೆ ಊಟ ಮಾಡು ಅಂದ ಹಾಗೆ. ಪೇಟೆಯಲ್ಲಿ ಸಿಗುವ ರಿಲೇ ಹಾಕೋಣವೆಂದರೆ ನಮ್ಮ ಪ್ಯಾನೆಲ್ಲಿನ ಒಳಗಿನ ವೋಲ್ಟೇಜೇ ಬೇರೆ. ಹಾಕಿ ನೋಡಿದ್ದೆ, ಅದು ಟಕ್ಕೆಂದು ಕೂಡಲಿಲ್ಲ. ನಮ್ಮ ಕಡೆ ಉಳಿದ ದಾರಿ ಒಂದೇ: ಅದೇ ಕಂಪನಿಯ ಹಳೇ ಪ್ಯಾನೆಲ್ಲು ಯಾವ ಊರಲ್ಲಿ ಸತ್ತು ಬಿದ್ದಿದೆ ಅಂತ ಕೇಳಿಕೊಂಡು ಹೋಗಿ, ಹೆಣದ ಮೈಮೇಲಿನದನ್ನು ಬಿಚ್ಚಿಕೊಂಡು ಬರುವುದು.

ಮೊದಲು ಸಿರುಗುಪ್ಪಕ್ಕೆ ಹೋದೆ. ಅಲ್ಲಿಯ ಅಕ್ಕಿ ಗಿರಣಿಯೊಂದರ ಫಿಟ್ಟರು ನನ್ನ ಪರಿಚಯದವನು, ತನ್ನಲ್ಲಿ ಒಂದು ಇದೆ ಅಂತ ಹೇಳಿ ಕಳಿಸಿದ್ದ. ಭತ್ತದ ಹೊಟ್ಟಿನ ದೂಳು ಕುಡಿಯುತ್ತ ಅವನ ಡಬ್ಬಿಗಳನ್ನೆಲ್ಲ ಸುರುವಿ ಹುಡುಕಿದೆವು. ಸಿಕ್ಕಿತು. ಅದೇ ಮೈಕಟ್ಟು, ಅದೇ ಹೆಸರಿನ ತಗಡು. ತಿರುಗಿಸಿ ನೋಡಿದರೆ ಒಳಗಿನ ತಾಮ್ರದ ಸುರುಳಿ, ಅಂದರೆ ಕಾಯಿಲ್ಲು, ಬೇರೆ ವೋಲ್ಟೇಜಿನದು.

"ಏಯ್, ಒಂಚೂರು ಹೆಚ್ಚುಕಮ್ಮಿ ಇದ್ರೇನಾತು?" ಎಂದ ಆ ಫಿಟ್ಟರು.

"ನಿನ್ನ ಹೆಂಡ್ತಿ ತಾಳಿ ಹೆಚ್ಚುಕಮ್ಮಿ ಇದ್ರ ನಡೀತದೇನಲೇ?" ಎಂದು ರೇಗಿದೆ. ಪಾಪ, ಅವನದೇನು ತಪ್ಪು. ಒತ್ತಾಯ ಮಾಡಿ ಮಂಡಾಳ ಒಗ್ಗರಣಿ, ಮಿರ್ಚಿ ತಿನ್ನಿಸಿದ. ಕುರುಗೋಡಿನಲ್ಲಿ ಮುಚ್ಚಿದ ಜಿನ್ನಿಂಗ್ ಫ್ಯಾಕ್ಟರಿ ಒಂದಿದೆ, ಅಲ್ಲಿ ನೋಡು ಎಂದವನೂ ಅವನೇ.

ಕುರುಗೋಡಿಗೆ ಮರುದಿನ ಬೆಳಿಗ್ಗೆ ಮುಟ್ಟಿದೆ. ಫ್ಯಾಕ್ಟರಿಯ ಕಾವಲಿಗಿದ್ದ ಮುದುಕ ತೆಲುಗಿನವನು. ನಾನು ಕನ್ನಡದಲ್ಲಿ ಕೇಳಿದೆ, ಅವನು ತೆಲುಗಿನಲ್ಲಿ ಹೇಳಿದ, ನಮ್ಮ ಕಡೆ ಯಾರಿಗೂ ಅದೊಂದು ತೊಡಕಲ್ಲ. ಒಳಗೆ ಪಾರಿವಾಳದ ಹಿಕ್ಕೆಯ ನಡುವೆ ನಮ್ಮ ಪ್ಯಾನೆಲ್ಲಿನ ಅವಳಿಯೇ ನಿಂತಿತ್ತು. ಮೂಲೆಯಲ್ಲಿ ಅದೇ ರಿಲೇ. ಕಾಯಿಲ್ಲಿನ ತಗಡು ಒರೆಸಿ ಓದಿದೆ, ಮತ್ತೊಮ್ಮೆ ಓದಿದೆ. ಬೆರಳಿನಿಂದ ಒತ್ತಿದರೆ ಟಕ್ಕೆಂದಿತು. ಅಳು ಬಂದಂತಾಯಿತು ನನಗೆ. ಮುದುಕ, "ತೀಸ್ಕೋ ನಾಯನಾ, ಎವರು ಅಡುಗುತಾರು" ಅಂದ. ತಗೋ ಮಗನೇ, ಯಾರು ಕೇಳ್ತಾರೆ.

ಅದನ್ನು ಟವಲಿನಲ್ಲಿ ಸುತ್ತಿಕೊಂಡು ಪೋಸ್ಟಾಫೀಸಿಗೆ ಓಡಿದೆ. ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಸುದ್ದಿ ಮುಟ್ಟಿಸಿದರೆ ಸಾಹುಕಾರರು ಸಮಾಧಾನದಿಂದ ಇರುತ್ತಾರೆ ಅನ್ನುವುದು ನನ್ನ ಲೆಕ್ಕ. ಟ್ರಂಕ್ ಕಾಲು ಸಿಕ್ಕಿತು. ಲೈನಿನಲ್ಲಿ ಏನೋ ಹುರಿಯುತ್ತಿರುವಂಥ ಗೊರಗೊರ ಸದ್ದು. ನಾನು "ಸಿಕ್ತ್ರೀ, ಸಿಕ್ತು!" ಎಂದು ಒದರಿದೆ. ಆ ಕಡೆಯಿಂದ ಅವರೂ ಏನೋ ಒದರಿದರು. ಕೊನೆಯ ಮಾತು ಮಾತ್ರ ಕಿವಿಗೆ ಬಿತ್ತು.

"...ನಡೀತೈತೇನು?"

"ನಡೀತೈತ್ರೀ! ಚೊಲೋ ನಡೀತೈತಿ!" ಎಂದೆ. ಲೈನು ಕಟ್ಟಾಯಿತು.

ನಮ್ಮ ಸೀಮೆಯಲ್ಲಿ ಈ ಒಂದು ಮಾತು ಎಲ್ಲಕ್ಕೂ ಸಲ್ಲುತ್ತದೆ. ಯಂತ್ರ ಓಡುತ್ತದೆ ಅನ್ನುವುದಕ್ಕೂ ನಡೀತೈತಿ; ತಪ್ಪಾದರೂ ಪರವಾಗಿಲ್ಲ, ಮಾಡಿ ಅನ್ನುವುದಕ್ಕೂ ನಡೀತೈತಿ. ನಾನು ಹೇಳಿದ್ದು ಕೈಯಲ್ಲಿದ್ದ ರಿಲೇಯ ಬಗ್ಗೆ. ಅವರು ಕೇಳಿದ್ದು, "ಮಳಿ ಬರೂ ಹಂಗೈತಿ, ಆ ತಂತೀನ ಕಟ್ಟಿ ಇವತ್ತೊಂದಿನ ಓಡಿಸಿದ್ರ ನಡೀತೈತೇನು?" ಅಂತ. ಇದು ನನಗೆ ಆಮೇಲೆ ತಿಳಿಯಿತು. ಎತ್ತು ಈದೈತಿ ಅಂದರೆ ಕೊಟ್ಟಿಗ್ಯಾಗ ಕಟ್ಟು ಅಂದಂತೆ, ಅವರು ಕಟ್ಟಿಸಿಯೇಬಿಟ್ಟರು.

ಆ ಗೊರಗೊರದ ನಡುವೆ 'ತಂತಿ' ಅನ್ನುವ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲವೇ? ಬಿದ್ದಿರಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ನನಗೇ ನಾನು ಹೇಳಿಕೊಳ್ಳುವಾಗ ಮಾತ್ರ ನಾಲಿಗೆ ತಡವರಿಸುತ್ತದೆ. ಏನೋ ಬಿದ್ದಿತ್ತು. ಸಿಕ್ಕಿದ ಖುಷಿಯಲ್ಲಿ ನಾನು "ಏನಂದ್ರಿ?" ಎಂದು ತಿರುಗಿ ಕೇಳಲಿಲ್ಲ. ಮೂರು ಅಕ್ಷರದ ಪ್ರಶ್ನೆ, ಕೇಳಲಿಲ್ಲ.

ಬಸ್ಸಿಳಿದು ಫ್ಯಾಕ್ಟರಿಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಪ್ರೆಸ್ಸು ನಿಂತಿತ್ತು, ಜನರೂ ನಿಂತಿದ್ದರು, ಯಾರೂ ನನ್ನ ಮುಖ ನೋಡಲಿಲ್ಲ. ಗೇಟಿನವನೇ ಹೇಳಿದ. ಕೂಗಿದ ಮೇಲೆ ಗೋಣಿತಟ್ಟು ಸೊಟ್ಟಾಗಿದೆ ಎಂದು ಭಾವ ಮತ್ತೆ ಬಾಗಿಲು ತೆರೆದು ಕೈ ಹಾಕಿದ್ದಾರೆ, ಆಚೆ ಬದಿಯವನು ಗುಂಡಿ ಒತ್ತಿದ್ದಾನೆ. ಬಲಗೈ.

ದವಾಖಾನೆಯ ವರಾಂಡದಲ್ಲಿ ಅಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಅತ್ತು ಮುಗಿದಿತ್ತು.

"ನಡೀತೈತಿ ಅಂತ ನೀ ಅಂದಿಯಂತ. ಸಾಹುಕಾರ್ರು ಅಂತಾರ. ಅಂದೀಯೇನು?"

"ಅಂದೀನಿ, ಅಕ್ಕಾ."

ಮುಂದೆ ವಿವರಿಸಬೇಕೆಂದು ಬಾಯಿ ತೆರೆದೆ. ಅವಳು ಕೇಳಲಿಲ್ಲ, ಸೆರಗು ಕೊಡವಿ ಎದ್ದು ಒಳಗೆ ಹೋದಳು. ಹಿಂದಿನಿಂದ ನಾನೂ ಹೋದೆ. ಹೋಗದೆ ಇರಲಿಕ್ಕೆ ಧೈರ್ಯ ಸಾಲಲಿಲ್ಲ.

ಭಾವ ಎಚ್ಚರವಾಗಿದ್ದರು. ಬಲಗೈ ಮಣಿಕಟ್ಟಿನ ಹತ್ತಿರ ಮುಗಿದಿತ್ತು, ಅದರ ಮೇಲೆ ಬಿಳಿ ಬಟ್ಟೆಯ ದೊಡ್ಡ ಉಂಡೆ. ನಾನು ಮಂಚದ ಕಾಲಿನ ಬಳಿ ಕುಳಿತೆ. ಅವರು ನನ್ನ ಮಡಿಲಲ್ಲಿದ್ದ ಗಂಟನ್ನು ನೋಡಿದರು.

"ಸಿಕ್ತೇನಲೇ?"

"ಸಿಕ್ತ್ರಿ, ಭಾವ."

"ಮತ್ತ ಇಲ್ಲ್ಯಾಕ ಕುಂತಿ? ಹೋಗಿ ಹಾಕು." ಎಡಗೈಯಿಂದ ಬಾಗಿಲ ಕಡೆ ತೋರಿಸಿದರು. "ನಾಳೆ ನನ್ನ ಜಾಗಕ್ಕ ಒಬ್ಬಾಂವ ಬರ್ತಾನ. ಅವಗ ಎರಡೂ ಕೈ ಇರ್ತಾವು."

ಹೋದೆ. ಯಾರೊಂದಿಗೂ ಮಾತಾಡದೆ ತಂತಿ ಬಿಚ್ಚಿದೆ, ರಿಲೇಯೊಳಗೆ ಒಂದಕ್ಕೊಂದು ತಾಗುವ ಹಲ್ಲುಗಳನ್ನು ಒರೆಸಿ ಸ್ಕ್ರೂ ಬಿಗಿದೆ. ಅರ್ಧ ತಾಸಿನ ಕೆಲಸ. ಬಾಗಿಲು ಪೂರಾ ತೆರೆದಿಟ್ಟು ಆಚೆ ಬದಿಗೆ ಹೋಗಿ ಗುಂಡಿ ಒತ್ತಿದೆ. ಹಲಗೆ ಏಳಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಒತ್ತಿದೆ, ಹತ್ತು ಸಲ ಒತ್ತಿದೆ. ಹತ್ತೂ ಸಲ ಅದು ಕದಲಲಿಲ್ಲ. ಅಲ್ಲೇ ಎಣ್ಣೆ ನೆಲದ ಮೇಲೆ ಕುಳಿತು ಜೋರಾಗಿ ಅತ್ತೆ.