ಮುಕುಂದಯ್ಯನ ತಂತಿ

ತೀರ್ಥಹಳ್ಳಿಯ ಕಂಟ್ರಾಕ್ಟರ್ ವಾಸಪ್ಪಗೌಡರ ಆಫೀಸಿನಲ್ಲಿ ಮುಕುಂದಯ್ಯ ಇಪ್ಪತ್ತು ವರ್ಷದಿಂದ ಗುಮಾಸ್ತ. ಸಿಮೆಂಟು, ಮರಳು, ಹೆಂಚು, ಯಾವುದರ ರಶೀದಿ ಬಂದರೂ ಗೋಡೆಯ ಕೊಕ್ಕೆತಂತಿಗೆ ಚುಚ್ಚಿಡುತ್ತಿದ್ದ. ಕೇಳಿದ್ದನ್ನು ಕಣ್ಣು ಮುಚ್ಚಿ ತೆಗೆದುಕೊಡುತ್ತಿದ್ದ.

ಎಂಬತ್ತೊಂಬತ್ತರಲ್ಲಿ ಲೆಕ್ಕಕ್ಕೆಂದು ಕಂಪ್ಯೂಟರ್ ಬಂತು. ಅದಕ್ಕೆ ಬೇರೆ ಕೋಣೆ, ಪರದೆ, ಹೊಸ ಫ್ಯಾನು.

"ಚಪ್ಪಲಿ ಹೊರಗೆ ಬಿಟ್ಟು ಬನ್ನಿ ಮುಕುಂದಯ್ಯ, ಧೂಳು ಕೂತ್ರೆ ಅದು ಹಾಳಾಗ್ತದೆ," ಎಂದರು ಗೌಡರು.

ಇಷ್ಟು ವರ್ಷ ಸಿಮೆಂಟಿನ ಧೂಳು ಕುಡಿದ ಮುಕುಂದಯ್ಯನಿಗೆ ಹೊಟ್ಟೆ ಉರಿದುಹೋಯಿತು.

ಪ್ರತಿವರ್ಷ ಆಯುಧಪೂಜೆಗೆ ತಂತಿಗೆ ಮುಡಿಸುತ್ತಿದ್ದ ಸೇವಂತಿಗೆಯೂ ಈ ಸಲ ಕಂಪ್ಯೂಟರಿನ ಪಾಲಾಯಿತು. ಪೂಜೆ ಮುಗಿದ ಮೇಲೆ ಪ್ರಿಂಟರ್ ಕರಕರ ಎನ್ನುತ್ತಾ ಮೊದಲ ರಶೀದಿ ಹೊರಹಾಕಿತು. ಗೌಡರು ಅದನ್ನು ಕಣ್ಣಿಗೊತ್ತಿಕೊಂಡು ಮುಕುಂದಯ್ಯನ ಕೈಗಿತ್ತರು.

"ಎಲ್ಲಾದ್ರೂ ಕಳೆದುಹೋದೀತು ಮಾರಾಯ್ರೆ, ನಿಮ್ಮ ತಂತಿಗೆ ಚುಚ್ಚಿಡಿ."

ಮುಕುಂದಯ್ಯ ಚುಚ್ಚಿದ, ಎಂದಿಗಿಂತ ಕೊಂಚ ಜೋರಾಗಿಯೇ.